ಮುಕ್ಕಾಲು ಎಲ್ಲಿ ಹೋಯಿತು

ಹಾಗಲ್ಲ ಕಣಮ್ಮ, ಅವಳಿಗೆ ಸೊಕ್ಕು ಅಂತ ಮಾತ್ರ ಅನ್ನಬೇಡ. ನೀನು ಬಾಗಿಲಲ್ಲಿ ನಿಂತು ಕೂಗಿದೆ, ಅವಳು ತಿರುಗಿ ನೋಡಲಿಲ್ಲ, ಸರಿ. ಕೇಳಿಸಿರುವುದಿಲ್ಲ. ನಮ್ಮ ಸೊಸೆಗೆ ಕೆಲಸ ತಲೆಗೆ ಹೊಕ್ಕಿತೆಂದರೆ ಹಾಗೇ. ತುಟಿ ಅಲ್ಲಾಡುತ್ತಿರುತ್ತದೆ, ಒಳಗೊಳಗೇ ಏನೋ ಗುಣುಗುಟ್ಟುತ್ತಿರುತ್ತಾಳೆ. ಕಾರ್ಖಾನೆಯಲ್ಲಿ ಅವಳಿಗೆ ಗುಣುಗಮ್ಮ ಅಂತಲೇ ಹೆಸರಿಟ್ಟಿದ್ದಾರೆ. ಕೂತುಕೋ. ಆ ಕುರ್ಚಿ ಬೇಡ, ಅದರ ಕಾಲು ಸಡಿಲ, ಇವತ್ತು ಸರಿ ಮಾಡುತ್ತೇನೆ ನಾಳೆ ಸರಿ ಮಾಡುತ್ತೇನೆ ಅಂತ ನನ್ನ ಚಿಕ್ಕ ಮಗ ಹೇಳುತ್ತಲೇ ಇದ್ದಾನೆ. ಅವನಿಗೆ ನೀರು ಸರಬರಾಜಿನ ಪಂಪುಮನೆಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಈ ಕಥೆ ಪೂರ್ತಿ ನಡೆದು ಮುಗಿಯುವಾಗಲೂ ಅವನು ಮಲಗಿಯೇ ಇದ್ದ. ಈ ಕಡೆ ಬಾ. ಮೊದಲಿಂದ ಹೇಳುತ್ತೇನೆ, ಆಮೇಲೆ ಬೇಕಾದರೆ ಅವಳನ್ನು ಬಯ್ಯಿ.

ಟಯರ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಕನ್ನಡಕದ ಗಾಜು ಅರೆಯುವ ಕಾರ್ಖಾನೆ ಇದೆಯಲ್ಲ, ಅಲ್ಲಿ ನಮ್ಮ ಮನೆಯವರು ಇಬ್ಬರು. ನಮ್ಮ ದೊಡ್ಡವನು ಸಾಣೆ ಯಂತ್ರದ ಮುಂದೆ. ಅವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಯಾಕೆ ಅಂತ ಕೇಳಬೇಡ, ಅದು ಬೇರೆಯೇ ಕಥೆ. ಅವನಿಗೆ ಇರುವುದು ಆ ಸಾಣೆ ಒಂದೇ. ಮೀಸೆ ಬರುವ ಮೊದಲು ಅದರ ಮುಂದೆ ಕೂತವನು, ಈಗ ಮೀಸೆ ಬೆಳ್ಳಗಾಗಿದೆ. ಸೊಸೆ ಕೂರುವುದು ಮಹಡಿಯ ಮೇಲೆ, ಕಂಪ್ಯೂಟರ್ ಮುಂದೆ. ಅಂಗಡಿಗಳಿಂದ ಬರುವ ಆರ್ಡರುಗಳು ಸಾಣೆಯ ಕೋಣೆಗೆ ಮುಟ್ಟುವ ಏರ್ಪಾಡೆಲ್ಲ ಅವಳು ಬರೆದ ಪ್ರೋಗ್ರಾಮಿನದು. ಮಧ್ಯದಲ್ಲಿ, ಗಾಜಿನ ಗೂಡಿನಲ್ಲಿ, ಮಾಲೀಕ. ಅವನನ್ನು ಎಲ್ಲರೂ ಬೆಂಕಿಪೊಟ್ಟಣ ಅನ್ನುತ್ತಾರೆ, ಅವನ ಎದುರಿಗಲ್ಲ. ಗೀರಿದರೆ ಸಾಕು ಭಗ್ ಅನ್ನುತ್ತಾನೆ, ಅಷ್ಟೇ ಬೇಗ ಆರಿಯೂ ಹೋಗುತ್ತಾನೆ. ಆರ್ಡರನ್ನು ಅವನೇ ಕೈಯಾರೆ ಟೈಪು ಮಾಡಬೇಕು, ಬೇರೆಯವರ ಮೇಲೆ ನಂಬಿಕೆಯಿಲ್ಲ. ತನ್ನ ಕಂಪ್ಯೂಟರನ್ನು ಎಂದೂ ಆರಿಸುವುದಿಲ್ಲ. ಆರಿಸಿದರೆ ಮತ್ತೆ ಏಳಲು ಅದಕ್ಕೆ ಸೋಮಾರಿತನವಂತೆ. ಕರೆಂಟು ಹೋದರೂ ನಿಲ್ಲದ ಹಾಗೆ ದೊಡ್ಡ ಬ್ಯಾಟರಿ ಇಟ್ಟುಕೊಂಡಿದ್ದಾನೆ. ಪರದೆಯ ಮೇಲೆ ಪ್ರೋಗ್ರಾಮು ಸದಾ ತೆರೆದೇ ಇರುತ್ತದೆ.

ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದ ಹೊತ್ತಿಗೆ ಗುಣುಗಮ್ಮನಿಗೆ ಕೆಳಗಿನಿಂದ ಕೂಗು ಕೇಳಿಸಿತು. ಇಳಿದು ಬಂದು ನೋಡಿದರೆ, ಮಾಲೀಕನ ಮುಂದೆ ಒಂದು ತಟ್ಟೆ ತುಂಬ ವಾಪಸು ಬಂದ ಕನ್ನಡಕ. ಅವಳ ಭಾವ, ನಮ್ಮ ದೊಡ್ಡವನು, ತಲೆ ತಗ್ಗಿಸಿಕೊಂಡು ನಿಂತಿದ್ದ.

"ನನ್ನ ಪರದೆ ಮೇಲೆ ಏನಿದೆ ಓದು. ಎರಡು ಮುಕ್ಕಾಲು. ಗಾಜು ಅಳೆದ್ರೆ ಬರೀ ಎರಡು. ಮುಕ್ಕಾಲು ಎಲ್ಲಿ ಹೋಯ್ತಪ್ಪಾ? ತಿಂದ್‌ಬಿಟ್ಯಾ?"

"ಚೀಟೀಲಿ ಎರಡು ಅಂತಾನೇ ಇತ್ತು ಸರ್."

"ಎಲ್ಲಿ ಚೀಟಿ? ತೋರ್ಸು!"

ಚೀಟಿ ಎಲ್ಲಿಂದ ತರುತ್ತಾನೆ? ಸಾಣೆಗೆ ಸದಾ ನೀರು ಹರಿಯುತ್ತಿರಬೇಕು. ಗಾಜಿನ ಜೊತೆ ಬಂದ ಚೀಟಿ ಆ ನೀರಲ್ಲಿ ನೆಂದು, ಗಾಜಿನ ಪುಡಿಯ ಜೊತೆ ಕಲಸಿ, ಸಂಜೆಗೆ ಕೆಸರಾಗಿ ತೊಟ್ಟಿಯ ತಳ ಸೇರುತ್ತದೆ.

"ಚೀಟಿ ಸರಿಯಾಗೇ ಇರುತ್ತೆ. ನಿನ್ನ ಕಣ್ಣು ಮಂಜಾಗಿದೆ. ಎರಡಾದ್ಮೇಲೆ ಚುಕ್ಕಿ ಆಚೆ ಇರೋ ಅಂಕಿ ಕಾಣಿಸ್ತಿಲ್ಲ ನಿಂಗೆ," ಅಂದ ಮಾಲೀಕ. "ತಿಂಗಳ ಕೊನೇಗೆ ಸಾಣೆ ಬಿಡು. ಪ್ಯಾಕಿಂಗಿಗೆ ಹೋಗು. ಅಲ್ಲಿ ಕಣ್ಣು ಬೇಕಾಗಿಲ್ಲ."

ಗುಣುಗಮ್ಮ ಬಾಯಿ ಹಾಕಿದಳು. "ಸರ್, ಪ್ರೋಗ್ರಾಮನ್ನೂ ಒಂದ್ಸಲ ನೋಡ್ತೀನಿ. ನಿಮ್ಮ ಕಂಪ್ಯೂಟರ್ ಮುಚ್ಚಿ ತೆರೀತೀರಾ?"

"ನನ್ನ ಕಂಪ್ಯೂಟರಿಗೆ ಏನಾಗಿದೆ? ಸರಿಯಾಗೇ ತೋರಿಸ್ತಿದೆಯಲ್ಲ! ನೋಡಮ್ಮ, ತಪ್ಪು ನಿನ್ನ ಪ್ರೋಗ್ರಾಮಿಂದು ಅಂತಾದ್ರೆ ಅದನ್ನೇ ಎತ್ತಿ ಬಿಸಾಕಿ ಹಳೇ ಪುಸ್ತಕದ ಪದ್ಧತಿಗೆ ಹೋಗ್ತೀನಿ. ಆಗ ಮಹಡಿ ಮೇಲೆ ನಿಂಗೇನು ಕೆಲ್ಸ? ನಿಮ್ಮನೇಲಿ ನೀವೇ ತೀರ್ಮಾನ ಮಾಡ್ಕೊಳ್ಳಿ, ತಪ್ಪು ಇವನದಾ, ನಿಂದಾ ಅಂತ."

ನೋಡಿದೆಯಾ, ಎಂಥ ಮಾತು! ಒಂದೇ ಒಲೆಯ ಅನ್ನ ಉಣ್ಣುವ ಇಬ್ಬರು. ಇವನು ಗೆದ್ದರೆ ಅವಳ ಕೆಲಸಕ್ಕೆ ಕುತ್ತು, ಅವಳು ಗೆದ್ದರೆ ಇವನ ಸಾಣೆ ಹೋಯಿತು.

ಅಂದಿನಿಂದ ಮನೆಯಲ್ಲಿ ಮಾತೇ ಸತ್ತುಹೋಯಿತು. ಜಗಳವಾಡಿದ್ದರಾದರೂ ಪರವಾಗಿರಲಿಲ್ಲ, ನಡುವೆ ಹೋಗಿ ನಿಲ್ಲಬಹುದಿತ್ತು. ಇವರಿಬ್ಬರೂ ಮರ್ಯಾದೆಯಿಂದ ಒಬ್ಬರಿಗೊಬ್ಬರು ಉಪ್ಪು ದಾಟಿಸುತ್ತ, ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದರು. ದೊಡ್ಡವನು ಕಿಟಕಿಯ ಹತ್ತಿರ ನಿಂತು ನನ್ನ ಔಷಧಿಯ ಬಾಟಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ಮೇಲಿನ ಇರುವೆಯಂಥ ಅಕ್ಷರ ಓದಲು ಹೆಣಗುತ್ತಿದ್ದ. ಆಮೇಲೆ ಇನ್ನೊಂದು ಕಣ್ಣು.

"ಅಮ್ಮಾ, ಇಲ್ಲಿ ಏನು ಬರೆದಿದೆ?"

"ನನ್ನನ್ನ ಕೇಳ್ತೀಯಲ್ಲೋ! ನಂಗೆ ಬಾಟ್ಲಿ ಕಂಡರೆ ಹೆಚ್ಚು."

ಅವನು ನಗಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದವರಿಗೆ ಚೀಟಿ ಕೊಟ್ಟು ಓದಿಸಿ ನೋಡೋ ಅಂದರೆ, ಇಷ್ಟು ವರ್ಷ ಆದಮೇಲೆ ಚೀಟಿ ಓದಿಸಿಕೊಳ್ಳಲು ಇನ್ನೊಬ್ಬರ ಹತ್ತಿರ ಹೋಗಲೇ ಅಂದ. ಅಡುಗೆಮನೆಯಿಂದ ಅವಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೈಯಲ್ಲಿದ್ದ ಪಾತ್ರೆಯನ್ನು ಉಜ್ಜಿದ್ದೇ ಉಜ್ಜಿದ್ದು.

ಮಹಡಿಯ ಮೇಲೆ ಅವಳು ಪಟ್ಟ ಪಾಡು ಬೇರೆ. ತನ್ನ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಆರ್ಡರು ಹಾಕುವುದು, ಎರಡು ಮುಕ್ಕಾಲು ಅಂತ ಬರೆಯುವುದು, ಉಳಿಸುವುದು, ತೆರೆದು ನೋಡುವುದು. ಎರಡು ಮುಕ್ಕಾಲು ಅಂತಲೇ ಇರುತ್ತಿತ್ತು. ಒಂದೂಕಾಲು ಹಾಕಿದಳು, ಒಂದೂಕಾಲೇ ಬಂತು. ಮೂರೂವರೆ, ಮೂರೂವರೆಯೇ. ತನ್ನ ಕಂಪ್ಯೂಟರಿನಿಂದಲೇ ಚೀಟಿ ಅಚ್ಚು ಹಾಕಿಸಿದಳು, ಅದೂ ಸರಿ. ತಪ್ಪಿಲ್ಲದ ಕಡೆ ತಪ್ಪು ಹುಡುಕುವುದಕ್ಕಿಂತ ಸುಸ್ತಿನ ಕೆಲಸ ಇನ್ನೊಂದಿಲ್ಲವಂತೆ. ಬಟ್ಟೆ ಒಗೆದರೆ ಒಗೆದದ್ದು ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಇಡೀ ದಿನ ಕೂತು ಎದ್ದರೂ ಕೂತಿದ್ದ ಗುರುತೇ ಇರುವುದಿಲ್ಲ. ಹಾಗಾದರೆ ಭಾವನ ಕಣ್ಣೇ ಹೋಗಿರಬಹುದು ಅಂತ ಅವಳಿಗೂ ಅನ್ನಿಸತೊಡಗಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಒಂಚೂರು ನೆಮ್ಮದಿಯೂ ಆಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಹತ್ತಿರ ಅವಳೇ ಹೇಳಿಕೊಂಡಳು.

ಕೊನೆಗೆ ಒಂದು ದಿನ ಆ ತಟ್ಟೆಯನ್ನು ಮಹಡಿಗೆ ಹೊತ್ತುಕೊಂಡು ಹೋಗಿ ಒಂದೊಂದೇ ಕನ್ನಡಕ ಎತ್ತಿ ನೋಡಿದಳು. ಎಲ್ಲವೂ ಎರಡು ಭಾಗದವು. ಗೊತ್ತಲ್ಲ, ಮೇಲಿನ ಅರ್ಧ ದೂರ ನೋಡಲು, ಕೆಳಗಿನ ಅರ್ಧ ಓದಲು, ನನ್ನದೂ ಅಂಥದೇ. ಒಂದೇ ಪವರಿನ ಸಾದಾ ಕನ್ನಡಕ ಒಂದೂ ವಾಪಸು ಬಂದಿಲ್ಲ. ಬಣ್ಣದ ಗಾಜಿನದೂ ಬಂದಿಲ್ಲ. ಅವೆಲ್ಲವನ್ನೂ ಅರೆಯುವವನು ಭಾವನೇ. ಚುಕ್ಕಿಯ ಆಚೆ ಕಾಣದ ಕಣ್ಣು ಸಾದಾ ಕನ್ನಡಕದ ಚೀಟಿ ಬಂದಾಗ ಮಾತ್ರ ಹೇಗೆ ಕಂಡೀತು? ತಪ್ಪು ಕಣ್ಣಿನದಲ್ಲ, ತನ್ನದು.

ಇದು ಗೊತ್ತಾದದ್ದು ಅವಳೊಬ್ಬಳಿಗೇ. ತಟ್ಟೆಯನ್ನು ಕೆಳಗಿಟ್ಟು ಬಂದು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನೇ ಇದ್ದಳು, ಆ ಸಂಜೆಯವರೆಗೆ. ಉಣ್ಣುವಾಗ ದೊಡ್ಡವನೇ ಮಾತು ತೆಗೆದ.

"ನಾಳೆ ಸರ್‌ಗೆ ಹೇಳಿಬಿಡ್ತೀನಮ್ಮ. ತಿಂಗಳ ಕೊನೇತನಕ ಯಾಕೆ, ನಾಳೆನೇ ಪ್ಯಾಕಿಂಗಿಗೆ ಹೋಗ್ತೀನಿ ಅಂತ. ಯಾರದೋ ಕಣ್ಣು ಕೆಡಿಸಿದ ಪಾಪ ನಂಗೆ ಬೇಡ."

"ಭಾವ, ನಾಳೆ ಒಂದು ದಿನ ತಡೀರಿ," ಅಂದಳು ಅವಳು.

"ತಡೆದು ಏನಮ್ಮ ಮಾಡೋದು?"

"ನಂಗೋಸ್ಕರ ತಡೀರಿ. ನಾಳೆ ಚೀಟಿ ಬಂದ ತಕ್ಷಣ ನೀರಿಗೆ ಬೀಳೋ ಮೊದ್ಲು ನಂಗೆ ಕೊಡಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಆಗಿರೋದು ನನ್ನ ಪ್ರೋಗ್ರಾಮಿಗೆ."

ಅವನು ಅವಳ ಮುಖವನ್ನೇ ನೋಡಿದ. "ಹಾಗಂದ್ರೆ ನಿನ್ನ ಕೆಲ್ಸ ಹೋಗುತ್ತಲ್ಲೇ ತಾಯಿ," ಅಂದ. ಅವಳು ಎದ್ದು ಹೋಗಿ ಕೈ ತೊಳೆದಳು.

ಬೆಳಿಗ್ಗೆ ಸಾಣೆಯ ಕೋಣೆಯಲ್ಲಿ ಒಂದು ಎರಡು ಭಾಗದ ಗಾಜಿನ ಚೀಟಿ ಬಂತು. ಒದ್ದೆಯಾಗದ, ಗರಿಗರಿ ಚೀಟಿ. ಅದರಲ್ಲಿ ದಪ್ಪಕ್ಷರದಲ್ಲಿ, ಕುರುಡರಿಗೂ ಕಾಣುವ ಹಾಗೆ, ಎರಡು ಅಂತ ಇತ್ತು. ಅದನ್ನು ಸೆರಗಿನಡಿ ಇಟ್ಟುಕೊಂಡು ಮಾಲೀಕನ ಗೂಡಿನ ಹೊರಗೆ ನಿಂತು ಗಾಜಿನೊಳಗಿಂದ ಅವನ ಪರದೆ ನೋಡಿದಳು. ಅದೇ ಆರ್ಡರು, ಎರಡು ಮುಕ್ಕಾಲು. ಒಂದು ಆರ್ಡರಿಗೆ ಎರಡು ಬಾಯಿ!

ಮಹಡಿಗೆ ಓಡಿದಳು. ಈಗ ಸ್ವಲ್ಪ ಗಮನ ಕೊಡು, ನನಗೆ ಅವಳು ತರಕಾರಿ ಹೆಚ್ಚುತ್ತ ಹೇಳಿದ್ದು ಇದು. ನಾವು ಪರದೆಯ ಮೇಲೆ ನೋಡುವುದು ಪ್ರೋಗ್ರಾಮಿನ ತಲೆಯಲ್ಲಿ ಇರುವುದನ್ನು. ಶಾಶ್ವತವಾಗಿ ಉಳಿಯಬೇಕಾದದ್ದು ಹೋಗಿ ಕೂರುವುದು ಉಗ್ರಾಣದಂಥ ಇನ್ನೊಂದು ಜಾಗದಲ್ಲಿ. ಸಾಣೆಯ ಕೋಣೆಯ ಚೀಟಿ ಅಚ್ಚಾಗುವುದು ಆ ಉಗ್ರಾಣದಿಂದ. ಪ್ರೋಗ್ರಾಮಿನ ಮಾತು ಉಗ್ರಾಣಕ್ಕೆ ತಿಳಿಯುವುದಿಲ್ಲ, ಉಗ್ರಾಣದ ಮಾತು ಪ್ರೋಗ್ರಾಮಿಗೆ ತಿಳಿಯುವುದಿಲ್ಲ, ಅದಕ್ಕೆ ನಡುವೆ ಒಬ್ಬ ದುಭಾಷಿ. ಅದೂ ಒಂದು ಪ್ರೋಗ್ರಾಮೇ, ಮನುಷ್ಯನಲ್ಲ. ಅವನಿಗೆ ಅಂಕಿ, ಅಕ್ಷರ, ತಾರೀಕು ಮುಂತಾದ ಸಾದಾ ಸಾಮಾನು ಗೊತ್ತು. ಕನ್ನಡಕದ ಪವರು ಅಂದರೆ ಗೊತ್ತಿಲ್ಲ, ಅದು ಇವಳು ಹುಟ್ಟಿಸಿದ ಹೊಸ ಬಗೆ. ಅದಕ್ಕೇ ಆ ದುಭಾಷಿಗೆ ಅವಳು ಕಲಿಸಿದ್ದಳು. ಪವರು ಕಂಡರೆ ಅದರಲ್ಲಿ ಎಷ್ಟು ಕಾಲುಗಳಿವೆ ಎಣಿಸಿ ಉಗ್ರಾಣದಲ್ಲಿಡು, ತೆಗೆಯುವಾಗ ಕಾಲುಗಳನ್ನು ಕೂಡಿಸಿ ಕೊಡು ಅಂತ. ಎರಡು ಮುಕ್ಕಾಲು ಅಂದರೆ ಹನ್ನೊಂದು ಕಾಲು. ಒಳಗೆ ಹನ್ನೊಂದು ಅಂತ ಇರಬೇಕು.

ಇಷ್ಟು ದಿನ ಅವಳು ಪರದೆ ನೋಡಿದಳೇ ಹೊರತು ಉಗ್ರಾಣದ ಬಾಗಿಲು ತೆಗೆದಿರಲಿಲ್ಲ. ಅವಳು ಹಾಕಿದ ಸುಳ್ಳು ಆರ್ಡರು ಆಗಷ್ಟೇ ಹಾಕಿದ್ದರಿಂದ ಪ್ರೋಗ್ರಾಮಿನ ತಲೆಯಲ್ಲೇ ಹಸಿಯಾಗಿತ್ತು. ಕೇಳಿದಾಗ ಅದು ಉಗ್ರಾಣಕ್ಕೆ ಹೋಗದೆ ಬಾಯಿಪಾಠ ಒಪ್ಪಿಸುತ್ತಿತ್ತು. ಅಂದು ತೆಗೆದು ನೋಡಿದರೆ, ಸಾದಾ ಕನ್ನಡಕದ ಸಾಲಿನಲ್ಲಿ ಹನ್ನೊಂದು, ಐದು, ಹದಿನಾಲ್ಕು. ಎರಡು ಭಾಗದವುಗಳ ಸಾಲಿನಲ್ಲಿ ಎರಡು, ಒಂದು, ಮೂರು. ಕಾಲು, ಅರೆ, ಮುಕ್ಕಾಲು ಎಲ್ಲ ಕತ್ತರಿಸಿ ಎಸೆದ ಬೋಳು ಅಂಕಿಗಳು.

ಯಾಕೆ ಅಂತ ಕೇಳು. ಅವಳ ಲೋಕದಲ್ಲಿ ಪ್ರತಿಯೊಂದು ಬಗೆಗೂ ಒಂದು ಕ್ಲಾಸ್ ಅಂತ, ಅಚ್ಚಿನ ಹಾಗೆ, ಇರುತ್ತದೆ. ಕನ್ನಡಕ ತಾಯಿ ಕ್ಲಾಸ್. ಬಣ್ಣದ ಗಾಜಿನದು ಒಬ್ಬ ಮಗಳು, ಎರಡು ಭಾಗದ್ದು ಇನ್ನೊಬ್ಬ ಮಗಳು. ತಾಯಿಗೆ ಹೇಳಿದ್ದು ಮಕ್ಕಳಿಗೆ ತಾನಾಗಿ ಬರುತ್ತದೆ ಅಂತ ಇವಳ ನಂಬಿಕೆ. ಬಣ್ಣದವಳಿಗೆ ಬಂತು. ಎರಡು ಭಾಗದವಳನ್ನು ಮಾಡುವಾಗ ಮೇಲಿನದು ಕೆಳಗಿನದು ಅಂತ ಎರಡು ಪವರು ಬೇಕಾಯಿತಲ್ಲ, ಅದಕ್ಕೆ ಇವಳು ಪವರಿನ ಸಾಲನ್ನು ಆ ಮಗಳಲ್ಲಿ ಹೊಸದಾಗಿ ಬರೆದಿದ್ದಳು. ದುಭಾಷಿಗೆ ಕಲಿಸಿದ ಪಾಠವನ್ನು ಅಂಟಿಸಿದ್ದು ತಾಯಿಯ ಸಾಲಿಗೆ. ಮಗಳಲ್ಲಿ ಬೇರೆ ಸಾಲು ಕಂಡದ್ದೇ ತಡ, ಅವನು ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಇದು ಯಾವುದೋ ಅಂಕಿ ಇರಬೇಕು ಅಂತ ಚುಕ್ಕಿಯ ಆಚೆಯದನ್ನು ಉದುರಿಸಿ ಒಳಗಿಟ್ಟ. ಗೊತ್ತಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ? ಹೇಳುವುದಿಲ್ಲವಂತೆ. ಅವನ ಜಾತಿಯೇ ಹಾಗೆ, ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಮಾಡಿಬಿಡುತ್ತಾನೆ. ನಮ್ಮ ಪಂಪುಮನೆಯವನೂ ಹೀಗೇ ಒಮ್ಮೆ ನನ್ನ ಮಿಕ್ಸಿ ರಿಪೇರಿ ಮಾಡಿದ್ದ.

ಸರಿಪಡಿಸುವುದು ಕಷ್ಟವಾಗಲಿಲ್ಲ. ಪಾಠವನ್ನು ಸಾಲಿಗೆ ಅಂಟಿಸುವ ಬದಲು ಆ ಬಗೆಗೇ ಅಂಟಿಸಿದಳು. ಪವರು ಅನ್ನುವುದು ತಾಯಿಯಲ್ಲಿರಲಿ ಮಗಳಲ್ಲಿರಲಿ, ಎಲ್ಲಿ ಕಂಡರೂ ಕಾಲು ಎಣಿಸು ಅಂತ. ಹೊಸ ಆರ್ಡರು ಹಾಕಿದಳು, ಈ ಸಲ ತನ್ನ ಪ್ರೋಗ್ರಾಮನ್ನು ಮುಚ್ಚಿ ತೆರೆದಳು, ಉಗ್ರಾಣವನ್ನೂ ಇಣುಕಿದಳು. ಹನ್ನೊಂದು. ಸರಿ. ಆದರೆ ಹಳೆಯವು? ಅವು ಎರಡು, ಒಂದು, ಮೂರು ಅಂತಲೇ ಕೂತಿದ್ದವು. ಒಮ್ಮೆ ಉದುರಿದ ಮುಕ್ಕಾಲನ್ನು ಯಾರು ಹೆಕ್ಕಿ ತರುತ್ತಾರೆ? ಯಾವ ಎರಡಕ್ಕೆ ಕಾಲು ಸೇರಬೇಕು, ಯಾವುದಕ್ಕೆ ಅರೆ, ಯಾವುದು ನಿಜವಾಗಿ ಬರೀ ಎರಡೇ? ಅಂಗಡಿಗಳು ಫೋನಿನಲ್ಲಿ ಹೇಳಿದ ಆರ್ಡರುಗಳು ಅವು. ಊರೆಲ್ಲ ಕೇಳಿಕೊಂಡು ಬರಬೇಕು.

ಏನಾದರಾಗಲಿ ಅಂತ ಚೀಟಿ ಹಿಡಿದು ಕೆಳಗಿಳಿದಳು. ಭಾವನನ್ನೂ ಕರೆದಳು. ಮಾಲೀಕನ ಮುಂದೆ ಚೀಟಿ ಇಟ್ಟು, ತಪ್ಪು ನನ್ನದು ಅಂತ ಶುರುಮಾಡಿ ಎಲ್ಲ ಹೇಳಿದಳು. ಬೆಂಕಿಪೊಟ್ಟಣ ಭಗ್ ಅಂತು.

"ನಿಂದು ಅಂತ ಗೊತ್ತಿದ್ದೂ ನನ್ನ ಕೈಲಿ ಇವನ ಕಣ್ಣು ಬಯ್ಯಿಸಿದ್ಯಾ?"

"ಆಗ ಗೊತ್ತಿರಲಿಲ್ಲ ಸರ್."

"ನನ್ನ ಪರದೇಲಿ ಸರಿಯಾಗಿದೆ, ಇವನ ಚೀಟೀಲಿ ತಪ್ಪಾಗಿದೆ. ಅದು ಹೇಗೆ ಸಾಧ್ಯ? ಯಾರ ಕಿವಿ ಮೇಲೆ ಹೂವು ಇಡ್ತೀಯ?"

"ನಿಮ್ಮದು ಮುಚ್ಚೋದೇ ಇಲ್ವಲ್ಲ ಸರ್. ನೀವು ಟೈಪು ಮಾಡಿದ್ದು ಅದರ ತಲೇಲೇ ಇನ್ನೂ ಇದೆ. ಮುಚ್ಚಿ ತೆರೆದ್ರೆ ನಿಮಗೂ ಎರಡು ಅಂತಲೇ ಕಾಣುತ್ತೆ."

"ಹೌದಾ? ನೋಡೇಬಿಡ್ತೀನಿ!" ಅಂದವನೇ, ವರ್ಷಾನುಗಟ್ಟಲೆ ಮುಟ್ಟದ ಸ್ವಿಚ್ಚಿಗೆ ಕೈ ಹಾಕಿದ.

ಆಗ ಅವಳಿಗೆ ಹೊಳೆಯಿತು. ಹೊಳೆದದ್ದೇ ಬಾಯಿಗಿಂತ ಕೈ ಮುಂದಾಯಿತು. ಮಾಲೀಕನ ಮಣಿಕಟ್ಟನ್ನೇ ಹಿಡಿದುಬಿಟ್ಟಳು.

"ಬೇಡ ಸರ್! ಮುಟ್ಟಬೇಡಿ! ಭಾವ, ಅಡ್ಡ ನಿಲ್ಲಿ!"

ಭಾವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ.

"ಮೊನ್ನೆ ಮುಚ್ಚಿ ಅಂತ ಕಾಡಿದವಳು ನೀನೇ ಅಲ್ವೇನಮ್ಮ!"

"ನೀವು ಕೇಳದೇ ಇದ್ದದ್ದು ಒಳ್ಳೇದಾಯ್ತು ಸರ್. ಕಳೆದುಹೋದ ಕಾಲು, ಅರೆ, ಮುಕ್ಕಾಲು ಎಲ್ಲ ಇನ್ನೂ ಉಳಿದಿರೋದು ನಿಮ್ಮ ಈ ಕಂಪ್ಯೂಟರಿನ ತಲೇಲಿ ಮಾತ್ರ. ಇದು ಆರಿದ್ರೆ ಅವೂ ಆರಿಹೋಗ್ತವೆ."

ಮಾಲೀಕ ತನ್ನ ಕೈಯನ್ನು ನೋಡಿಕೊಂಡ, ಸ್ವಿಚ್ಚನ್ನು ನೋಡಿದ, ಬ್ಯಾಟರಿಯನ್ನು ನೋಡಿದ. ಆರಿದ. ಕುರ್ಚಿಯಿಂದ ಎದ್ದು, "ಕೂತ್ಕೋ," ಅಂತ ಭಾವನಿಗೆ ಜಾಗ ಬಿಟ್ಟುಕೊಟ್ಟ. "ನೀನೇ ಓದು. ನಿನ್ನ ಕಣ್ಣು ಹೇಗಿದೆ ಅಂತ ನಾನೂ ನೋಡ್ತೀನಿ."

ಆಮೇಲೆ ಆದದ್ದು ಬರೀ ಕೂಲಿ ಕೆಲಸ. ಭಾವ ಪರದೆ ನೋಡಿ ಓದುವುದು, ಅವಳು ತನ್ನ ಕಂಪ್ಯೂಟರನ್ನು ಕೆಳಗೆ ತರಿಸಿಕೊಂಡು ಉಗ್ರಾಣ ಸರಿಪಡಿಸುವುದು. "ಮೇಲೆ ಒಂದೂಕಾಲು, ಕೆಳಗೆ ಮೂರು." "ಹ್ಞೂಂ." "ಮೇಲೆ ಅರೆ, ಕೆಳಗೆ ಎರಡು ಮುಕ್ಕಾಲು." "ಹ್ಞೂಂ." ಮೊದಲು ಗಂಟಲು ಸರಿಮಾಡಿಕೊಂಡು ಓದಿದ, ಆಮೇಲೆ ದನಿ ಸಲೀಸಾಯಿತು. ಒಂದು ಕಡೆ ಅವಳು ತೂಕಡಿಸಿ ಎರಡೂವರೆಯನ್ನು ಎರಡೂಕಾಲು ಅಂತ ಒತ್ತಿದಾಗ ಅವನು ಬಗ್ಗಿ ನೋಡಿ, "ಅರೆ ಕಣಮ್ಮ. ಕಣ್ಣು ಮಂಜಾಯ್ತಾ?" ಅಂದ. ಆ ಮಾತಿಗೆ ಅವಳು ನಕ್ಕಳೋ ಅತ್ತಳೋ, ಕೇಳಿದರೆ ಎರಡೂ ಅಲ್ಲ ಅನ್ನುತ್ತಾಳೆ. ಮಾಲೀಕ ಚಹಾ ತರಿಸಿಕೊಟ್ಟ. ಹಳೇ ಪುಸ್ತಕದ ಪದ್ಧತಿಯ ಮಾತು ಮತ್ತೆ ಎತ್ತಲಿಲ್ಲ. ಕ್ಷಮಿಸು ಅಂತಲೂ ಅನ್ನಲಿಲ್ಲ, ಅದು ಅವನ ಬಾಯಲ್ಲಿ ಬರುವ ಮಾತಲ್ಲ. "ನಾಳೆಯಿಂದ ಸಾಣೇಗೆ ನಿನ್ನ ಜಾಗಕ್ಕೇ ಹೋಗು," ಅಂದನಂತೆ, ಅಷ್ಟೇ. ದೊಡ್ಡವನು, "ಬಿಟ್ಟಿದ್ದರೆ ತಾನೇ ಸರ್ ಹೋಗೋದು," ಅಂದನಂತೆ.

ಆದರೂ ಬಾಟಲಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುವುದನ್ನು ಅವನು ಇನ್ನೂ ಬಿಟ್ಟಿಲ್ಲ. ಮನಸ್ಸಿಗೆ ಹೊಕ್ಕಿದ್ದು ಉಗ್ರಾಣದಲ್ಲಿ ಅಂಕಿ ತಿದ್ದಿದಷ್ಟು ಸುಲಭವಾಗಿ ಹೋಗುತ್ತದೆಯೇ? ಅವಳಂತೂ ಎಲ್ಲ ಕ್ಲಾಸುಗಳನ್ನೂ ಒಂದೊಂದಾಗಿ ಮತ್ತೆ ತಪಾಸಣೆ ಮಾಡುತ್ತಿದ್ದಾಳೆ, ಇನ್ನೆಲ್ಲಿ ಏನು ಉದುರಿದೆಯೋ ಅಂತ. ಗಾಜುಗಳನ್ನು ಮತ್ತೆ ಅರೆಯಬೇಕು, ಅಂಗಡಿಗಳಿಗೆ ಮುಟ್ಟಿಸಬೇಕು. ಇಬ್ಬರೂ ಮನೆಗೆ ಬರುವಾಗ ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಾರೆ. ನೀನು ಕೂಗಿದ ದಿನವೂ ಅವಳ ತುಟಿಯಲ್ಲಿ ಅದೇ ಲೆಕ್ಕ, ಕಾಲು, ಅರೆ, ಮುಕ್ಕಾಲು. ನಿನ್ನ ದನಿ ಅದರ ನಡುವೆ ಎಲ್ಲಿ ಹೊಕ್ಕೀತು ಹೇಳು.

ಎದ್ದೆಯಾ? ನಿಲ್ಲು, ಹೇಗೂ ಆ ಕಡೆಯೇ ಹೋಗುತ್ತೀಯಲ್ಲ. ಅಲ್ಲಿ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಕನ್ನಡಕ ಇದೆ, ತಗೋ. ಮೂಲೆಮನೆಯ ಮೇಲಿನ ಅಂತಸ್ತಿನಲ್ಲಿ ಬಟ್ಟೆ ಹೊಲಿಯುವವಳದು. ತಪ್ಪು ಗಾಜು ಹಾಕಿಕೊಂಡು ಯಾರದೋ ಅಂಗಿಗೆ ತೋಳು ತಿರುಗುಮುರುಗಾಗಿ ಹಚ್ಚಿದಳಂತೆ, ಆ ಸಿಟ್ಟಿಗೆ ಅಂಗಡಿಯ ಕಡೆ ಹೆಜ್ಜೆಯೇ ಇಡುತ್ತಿಲ್ಲ. ನೀನು ಕೊಟ್ಟರೆ ತೆಗೆದುಕೊಳ್ಳುತ್ತಾಳೆ. ಅಲ್ಲೇ ನಿಂತು ಅವಳ ಕೈಲಿ ಸೂಜಿಗೆ ದಾರ ಪೋಣಿಸಿ ನೋಡಲು ಹೇಳು. ತಪ್ಪು ಗಾಜಿನ ಹಳೆಯದನ್ನು ಮರೆಯದೆ ವಾಪಸು ಇಸಿದುಕೊಂಡು ಬಾ, ಇರಲಿ ಬಿಡಿ ಅಂದರೂ ಬಿಡಬೇಡ.